ಸೆಕ್ರೆಟರಿಯವರ ಮಧ್ಯಾಹ್ನದೂಟ

ಬೆಳಿಗ್ಗೆ ಡೈರಿಯ ಬಾಗಿಲು ತೆಗೆಯುವಾಗ ಅವರ ಹಣೆಯ ಮೇಲೆ ವಿಭೂತಿ ಮೂರು ಗೆರೆಯಾಗಿ ಅಚ್ಚುಕಟ್ಟಾಗಿ ಇರುತ್ತಿತ್ತು. ಊರಿನ ಹಾಲನ್ನೆಲ್ಲ ಅಳೆದು, ಲಾರಿಗೆ ಕ್ಯಾನು ಏರಿಸಿ ಮುಗಿಸುವ ಹೊತ್ತಿಗೆ ಆ ಮೂರು ಗೆರೆ ಬೆವರಿಗೆ ಕಲಸಿಕೊಂಡು ಒಂದೇ ಪಟ್ಟಿಯಾಗಿ ಹುಬ್ಬಿನವರೆಗೂ ಇಳಿದು, ಮನುಷ್ಯ ಒಂದೇ ಬೆಳಿಗ್ಗೆಯಲ್ಲಿ ಮುದುಕನಾದ ಹಾಗೆ ಕಾಣುತ್ತಿತ್ತು. ಹೆಗಲ ಮೇಲಿನ ಟವೆಲ್ಲಿನಿಂದ ಕತ್ತು, ಕೆನ್ನೆ, ಕಿವಿಯ ಹಿಂದೆ ಎಲ್ಲ ಒರೆಸಿಕೊಳ್ಳುತ್ತಿದ್ದರು. ಹಣೆಗೆ ಮಾತ್ರ ಟವೆಲ್ಲು ತಾಗಿಸುತ್ತಿರಲಿಲ್ಲ. ಇಳಿದದ್ದು ಇಳಿಯಲಿ, ತಾನೇ ಕೈಯಾರೆ ಅಳಿಸಬಾರದು ಎನ್ನುವುದು ಅವರ ಲೆಕ್ಕ.

ಅವರು ಊರಿನ ಹಾಲಿನ ಡೈರಿಯ ಸೆಕ್ರೆಟರಿ. ಊರೆಲ್ಲ ಅವರನ್ನು ಸೆಕ್ರೆಟರಿ ಅಂತಲೇ ಕರೆಯುತ್ತಿತ್ತು, ನಾನೂ ಹಾಗೇ ಕರೆದೆ. ನಂಜನಗೂಡಿನಿಂದ ತಿ. ನರಸೀಪುರಕ್ಕೆ ಬರುವ ದಾರಿಯಲ್ಲಿ ಒಳಕ್ಕೆ ಹೊರಳಿದರೆ ಸಿಗುವ ಊರು ಅದು. ಹೆಸರು ಬೇಡ. ಅಲ್ಲಿನ ಸರ್ಕಾರಿ ಶಾಲೆಯಲ್ಲಿ ನಾನು ಬಹಳ ವರ್ಷ ಟೀಚರಾಗಿದ್ದೆ. ಮನೆ ನರಸೀಪುರದಲ್ಲಿ, ದಿನಾ ಸ್ಕೂಟರಿನಲ್ಲಿ ಓಡಾಟ. ಶಾಲೆಗೂ ಡೈರಿಗೂ ನಡುವೆ ಒಂದು ಹೊಂಗೆ ಮರ ಅಷ್ಟೇ ಇದ್ದದ್ದು. ಅದರ ನೆರಳಿನಲ್ಲಿ ಸ್ಕೂಟರು ನಿಲ್ಲಿಸುವಾಗ ಡೈರಿಯ ಒಳಗಿಂದ ಅವರ ಗಂಟಲು ಕೇಳಿಸುತ್ತಿತ್ತು. ಹಾಲಿಗೆ ನೀರು ಬೆರೆಸಿ ತಂದವನನ್ನು ಹಿಡಿದು, “ಏನ್ಲಾ, ನಿನ್ ಅಸ ರಾತ್ರಿಯೆಲ್ಲ ನಾಲೇಲಿ ಈಜಾಡ್ತಿತ್ತಾ?” ಅಂತ ಕೇಳುತ್ತಿದ್ದರು. ಕೇಳಿಸಿಕೊಂಡವನು ನಗುತ್ತಿದ್ದ, ಕ್ಯೂನಲ್ಲಿದ್ದವರೂ ನಗುತ್ತಿದ್ದರು. ಮಾರನೇ ದಿನ ಹಾಲು ಗಟ್ಟಿಯಾಗಿ ಬರುತ್ತಿತ್ತು.

ನನಗೆ ಇನ್ನೊಬ್ಬರ ವಿಷಯದಲ್ಲಿ ಮೂಗು ತೂರಿಸುವ ಚಟ ಮೊದಲಿನಿಂದಲೂ ಇದೆ. ನಮ್ಮ ಮನೆಯವರು ಇದನ್ನು ಕಾಯಿಲೆ ಅನ್ನುತ್ತಾರೆ. ಆ ಊರಿಗೆ ಹೋದ ಹೊಸದರಲ್ಲೇ ಸೆಕ್ರೆಟರಿಯವರ ಒಂದು ವಿಚಿತ್ರ ನನ್ನ ಕಣ್ಣಿಗೆ ಬಿತ್ತು. ಅವರು ಮನೆ ಬಿಟ್ಟು ಹೊರಗೆ ಎಲ್ಲೂ ಏನೂ ತಿನ್ನುತ್ತಿರಲಿಲ್ಲ. ಮದುವೆಗೆ ಹೋದರೆ ಮುಯ್ಯಿ ಕೊಟ್ಟು, ನಿಂತ ಕಾಲಲ್ಲೇ ಹೊರಟು ಬರುತ್ತಿದ್ದರು. ನೀರು ಕೂಡ ಮನೆಯಿಂದಲೇ ತಂದದ್ದು, ಒದ್ದೆ ಬಟ್ಟೆ ಸುತ್ತಿದ ಬಾಟಲಿಯಲ್ಲಿ. ಆಗಸ್ಟ್ ಹದಿನೈದಕ್ಕೆ ಶಾಲೆಗೆ ಕರೆದು ಲಾಡು, ಖಾರ, ಬಾಳೆಹಣ್ಣು ಇಟ್ಟ ತಟ್ಟೆ ಕೊಟ್ಟರೆ, ಬಾಳೆಹಣ್ಣು ತೆಗೆದುಕೊಂಡು ಉಳಿದದ್ದನ್ನು ಪಕ್ಕದವರಿಗೆ ಸರಿಸಿಬಿಟ್ಟರು.

“ಬಾಳೆಹಣ್ಣು ಮಾತ್ರ ಯಾಕೆ ಸೆಕ್ರೆಟರಿಯವರೇ?” ಅಂತ ನಾನು ತಡೆಯಲಾರದೆ ಕೇಳಿದೆ.

“ಅದ್ಕೆ ಸಿಪ್ಪೆ ಅದೆಯಲ್ಲ ಮೇಡಮ್ಮೋರೆ” ಅಂದರು. “ಯಾರ್ ಕೈ ಮುಟ್ಟಿದ್ರೂ ಸಿಪ್ಪೆಗೇ ಮುಗೀತದೆ.”

ನಾನು ನಕ್ಕೆ. ಅವರು ನಗಲಿಲ್ಲ. ಈ ಮನುಷ್ಯನ ಬಗ್ಗೆ ನನ್ನ ಕುತೂಹಲ ಶುರುವಾದದ್ದು ಆ ಬಾಳೆಹಣ್ಣಿನಿಂದ.

ಅವರ ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು. ಇದ್ದೊಬ್ಬ ಮಗಳನ್ನು ಬಿಳಿಗೆರೆಗೆ ಕೊಟ್ಟಿದ್ದರು. ಮನೆಯಲ್ಲಿ ಅವರು ಮತ್ತು ಅವರ ತಾಯಿ. ತಾಯಿಗೆ ಎಂಬತ್ತು ದಾಟಿತ್ತು. ಆದರೂ ಒಲೆಯನ್ನು ಯಾರ ಕೈಗೂ ಕೊಟ್ಟಿರಲಿಲ್ಲ. ಅರವತ್ತರ ಹತ್ತಿರದ ಮಗನನ್ನು ಒಲೆಯ ಪಕ್ಕದಲ್ಲೇ ಮಣೆ ಹಾಕಿ ಕೂರಿಸಿ, ರೊಟ್ಟಿ ತಟ್ಟಿ ತಟ್ಟಿ ಬಿಸಿಬಿಸಿ ಅವರ ತಟ್ಟೆಗೆ ಹಾಕುತ್ತಿದ್ದರಂತೆ. ಊರಿನವರು ಇದನ್ನು ಹೇಳಿಕೊಂಡು ತಮಾಷೆ ಮಾಡುತ್ತಿದ್ದರು. ಸೆಕ್ರೆಟರಿಗೆ ಅದರಲ್ಲಿ ನಾಚಿಕೆಯೇನೂ ಇರಲಿಲ್ಲ. “ಅವ್ವ ಆಕ್ತಳೆ, ನಾನ್ ಉಣ್ತೀನಿ, ನಿಮ್ಗೇನ್ ಒಟ್ಟೆ ಉರಿ?” ಅನ್ನುತ್ತಿದ್ದರು.

ಇಂಥವರು ಒಂದು ಏಪ್ರಿಲ್ಲಿನಲ್ಲಿ, ಬೇಸಿಗೆ ರಜೆ ಶುರುವಾದ ಮೇಲೆ, ನನಗೆ ಫೋನು ಮಾಡಿದರು. ಅದುವರೆಗೆ ಅವರು ನನಗೆ ಫೋನು ಮಾಡಿದ್ದೇ ಇಲ್ಲ. ಗಾಬರಿಯಿಂದಲೇ ಎತ್ತಿದೆ.

“ಮೇಡಮ್ಮೋರೆ, ನಿಮ್ ಸ್ಕೂಲು ಯಾವಾಗ್ ತೆಗೀತೀರಿ?”

“ಜೂನ್ ಹತ್ತಿರಕ್ಕೆ.”

“ಅಲ್ಲೀಗಂಟ ಈ ಮಕ್ಳು ಏನ್ ತಿನ್ಬೇಕು?”

ನನ್ನ ಸರ್ವಿಸಿನಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ ಅನ್ನಬೇಕು. ಶಾಲೆ ಇದ್ದಾಗ ಬಿಸಿಯೂಟ, ಶಾಲೆ ಇಲ್ಲದಾಗ ರಜೆ. ಜೂನಿನಲ್ಲಿ ಬಾಗಿಲು ತೆಗೆದಾಗ ಕೆಲವು ಮಕ್ಕಳ ಕತ್ತಿನ ಮೂಳೆ ಎದ್ದು ಕಾಣುತ್ತಿದ್ದದ್ದನ್ನು ನೋಡಿ, ಬಿಸಿಲಲ್ಲಿ ಅಲೆದಾಡಿ ಸೊರಗಿವೆ ಅಂದುಕೊಳ್ಳುತ್ತಿದ್ದೆವು.

ಮಾರನೇ ದಿನವೇ ಹೊರಟು ಹೋದೆ. ಏನಾಯಿತು ಅಂತ ಅವರು ಡೈರಿಯ ಮೆಟ್ಟಿಲ ಮೇಲೆ ಕೂತು ಹೇಳಿದರು. ಹಾಲು ಹಾಕಿದವರು ಹೊರಗಿನ ನಲ್ಲಿಯಲ್ಲಿ ಕ್ಯಾನಿಗೆ ಒಂದಿಷ್ಟು ನೀರು ಬಿಟ್ಟು ಕುಲುಕಿ ಚೆಲ್ಲುತ್ತಾರೆ. ಆ ನೀರು ಸ್ವಲ್ಪ ಬೆಳ್ಳಗಿರುತ್ತದೆ, ಬೀದಿ ನಾಯಿಗಳು ಕಾದು ನಿಂತು ನೆಕ್ಕುತ್ತವೆ. ಹಿಂದಿನ ದಿನ ಕೆಳಗಿನ ಬೀದಿಯ ಒಂದು ಹುಡುಗಿ, ನನ್ನ ನಾಲ್ಕನೇ ತರಗತಿಯವಳೇ, ಲೋಟ ಹಿಡಿದು ನಿಂತು ಆ ನೀರನ್ನು ಹಿಡಿದುಕೊಂಡು ಕುಡಿದಳಂತೆ. ಇವರು ನೋಡಿ ರೇಗಿದರು. “ನಾಯಿ ಕುಡಿಯೋದ್ನ ಕುಡೀತಿಯಲ್ಲೇ, ಮನೇಲಿ ಉಂಡಿಲ್ವಾ?” ಅಂದರು. ಅವಳ ಅವ್ವ ಬೆಳಗಾಗುವ ಮುಂಚೆ ಕಬ್ಬಿನ ಗದ್ದೆಗೆ ಕೂಲಿಗೆ ಹೋದವಳು ಬರುವುದು ಹೊತ್ತು ಮುಳುಗಿದ ಮೇಲೆ. ಹುಡುಗಿ ಅದನ್ನೇನೂ ಹೇಳಲಿಲ್ಲ. “ಸ್ಕೂಲು ಬಾಗ್ಲಾಕವ್ರಲ್ಲ ತಾತ” ಅಂದಳಂತೆ ಅಷ್ಟೇ.

“ರಾತ್ರಿ ಅವ್ವ ರೊಟ್ಟಿ ಆಕುದ್ಲು. ಗಂಟ್ಲಲ್ಲಿ ಇಳೀಲಿಲ್ಲ ಮೇಡಮ್ಮೋರೆ” ಅಂದರು ಸೆಕ್ರೆಟರಿ. ಹೇಳುವಾಗ ನನ್ನ ಕಡೆ ನೋಡುತ್ತಿರಲಿಲ್ಲ, ನಲ್ಲಿಯ ಕಡೆ ನೋಡುತ್ತಿದ್ದರು.

ಊಟ ಹಾಕಬೇಕು ಅಂತ ಅವರು ಆಗಲೇ ತೀರ್ಮಾನ ಮಾಡಿಯಾಗಿತ್ತು. ಎಲ್ಲಿ ಅನ್ನುವುದನ್ನೂ ಯೋಚಿಸಿದ್ದರು. ಆ ಊರಿನಲ್ಲಿ ಮೇಲಿನ ಬೀದಿ, ಕೆಳಗಿನ ಬೀದಿ ಅಂತ ಎರಡು. ಮೇಲಿನದು ಜಮೀನಿದ್ದವರದು, ಸೆಕ್ರೆಟರಿಯವರ ಮನೆಯೂ ಅಲ್ಲೇ. ಕೆಳಗಿನದು ಆ ಜಮೀನುಗಳಿಗೆ ಕೂಲಿಗೆ ಹೋಗುವವರದು. ದೇವಸ್ಥಾನದ ಮುಂದೆ ಅಂದರೆ ಕೆಳಗಿನ ಬೀದಿಯವರು ಬರುವುದಿಲ್ಲ, ಅವರ ಬೀದಿಯಲ್ಲಿ ಅಂದರೆ ಮೇಲಿನವರು ಬರುವುದಿಲ್ಲ. ಡೈರಿಯಲ್ಲಿ ಮಾತ್ರ ಎರಡೂ ಬೀದಿಯವರು ದಿನಾ ಎರಡು ಹೊತ್ತು ಒಂದೇ ಕ್ಯೂನಲ್ಲಿ ನಿಲ್ಲುತ್ತಾರೆ. ಮಧ್ಯಾಹ್ನ ಆ ಕಟ್ಟಡ ಖಾಲಿ ಬಿದ್ದಿರುತ್ತದೆ, ನೆಲ ತೊಳೆದು ತಣ್ಣಗಿರುತ್ತದೆ.

ದಿನಸಿಗೂ ಅವರದೇ ಒಂದು ದಾರಿ. ಬೆಳಿಗ್ಗೆ ಹಾಲು ಹಾಕಲು ಬರುವವರು, ಮನಸ್ಸಿದ್ದರೆ, ಕ್ಯಾನಿನ ಮುಚ್ಚಳದ ತುಂಬ ಅಕ್ಕಿಯೋ ರಾಗಿಯೋ ಬೇಳೆಯೋ ಹಿಡಿದು ತರಬೇಕು. ತಂದದ್ದನ್ನು ಬಾಗಿಲ ಪಕ್ಕದ ಡ್ರಮ್ಮಿಗೆ ಸುರಿದು, ಅದೇ ಮುಚ್ಚಳ ಮುಚ್ಚಿಕೊಂಡು ಹೋಗಬೇಕು. ಯಾರು ತಂದರು, ಯಾರು ತರಲಿಲ್ಲ ಅಂತ ನೋಡುವ ಹಾಗಿಲ್ಲ. ನಾನು ಆಗಲಿಕ್ಕಿಲ್ಲ ಅಂದುಕೊಂಡಿದ್ದೆ. ಎರಡೇ ದಿನದಲ್ಲಿ ಡ್ರಮ್ಮು ತುಂಬಿತು. ಕೊಡುವುದಕ್ಕೆ ಆ ಊರು ಹಿಂದೆಮುಂದೆ ನೋಡಲಿಲ್ಲ. ಸೆಕ್ರೆಟರಿಯವರ ತಾಯಿಯೂ ಮಗನ ಕೈಯಲ್ಲಿ ಒಂದು ಚೀಲ ಅಕ್ಕಿ ಕಳಿಸಿದ್ದರು. ಅಡುಗೆಗೆ ನಮ್ಮ ಶಾಲೆಯ ಬಿಸಿಯೂಟದ ಅಡುಗೆಯಮ್ಮನೇ ಒಪ್ಪಿಕೊಂಡಳು. ಆಕೆ ಕೆಳಗಿನ ಬೀದಿಯವಳು. ಡ್ರಮ್ಮು ನೋಡಿದವಳೇ ಹಣೆ ಚಚ್ಚಿಕೊಂಡಳು. “ಅಣ್ಣ, ಇದ್ರಲ್ಲಿ ಸೊಸೈಟಿ ಅಕ್ಕಿ ಅದೆ, ಗದ್ದೆ ಅಕ್ಕಿ ಅದೆ, ಅಳೇದು ಅದೆ, ಒಸ್ದು ಅದೆ. ಒಂದ್ ಬೆಂದ್ರೆ ಒಂದ್ ಬೇಯಲ್ಲ. ನಾನೇನ್ ಕಾಳುಕಾಳೂ ಆರಿಸ್ಲಾ?” ಅಂದಳು. ಮೆತ್ತಗೆ ಬೇಯಿಸು, ಮಕ್ಕಳಿಗೆ ಅದೇ ಒಳ್ಳೆಯದು ಅಂತ ಸೆಕ್ರೆಟರಿ ತಳ್ಳಿಹಾಕಿದರು.

ಎಲ್ಲ ಸರಿಯಾಗಿತ್ತು. ಆಮೇಲೆ ಅವರು ಒಂದು ಎಡವಟ್ಟು ಮಾಡಿದರು. ಹಾಲಿನ ದುಡ್ಡು ಬಂದಾಗ ಊರಿಗೆ ಸಾರುವ ಮೈಕು ಡೈರಿಯಲ್ಲಿತ್ತು. ಅದನ್ನು ಹಚ್ಚಿ, ತಮ್ಮ ಗಂಟಲಿನಲ್ಲಿ, “ಬಡ ಮಕ್ಕಳಿಗೆ ಡೈರೀಲಿ ಉಚಿತ ಊಟ ಅದೆ, ತಟ್ಟೆ ಲೋಟ ತಗಂಡ್ ಬರಬೇಕಾಗಿ ವಿನಂತಿ” ಅಂತ ಮತ್ತೆ ಮತ್ತೆ ಕೂಗಿದರು. ಪಾಪ, ಮಾತನ್ನು ಮರ್ಯಾದೆಯಾಗಿಯೇ ಆಡಿದ್ದೆ ಅಂತ ಅವರ ನಂಬಿಕೆ. ವಿನಂತಿ ಅಂತ ಬೇರೆ ಹೇಳಿದ್ದರಲ್ಲ.

ಒಂದು ನರಪಿಳ್ಳೆಯೂ ಬರಲಿಲ್ಲ. ಅನ್ನ, ಹುರುಳಿಕಾಳಿನ ಸಾರು, ಪರೀಕ್ಷೆಗೆ ಅಂತ ಪ್ರತಿಯೊಬ್ಬರಿಂದ ತೆಗೆದಿಟ್ಟ ಸ್ಯಾಂಪಲ್ ಹಾಲನ್ನು ಹೆಪ್ಪು ಹಾಕಿ ಮಾಡಿದ ಮಜ್ಜಿಗೆ. ಆ ಸ್ಯಾಂಪಲ್ ಹಾಲನ್ನು ಸೆಕ್ರೆಟರಿ ಅದುವರೆಗೆ ಯಾರಿಗೂ ಒಂದು ಹನಿ ಬಿಟ್ಟುಕೊಟ್ಟವರಲ್ಲ. ಎಲ್ಲ ಹಾಗೆಯೇ ಆರಿಹೋಯಿತು. ಹೊಂಗೆ ಮರದ ಆಚೆ ಮಕ್ಕಳು ಆಡುತ್ತಿದ್ದದ್ದು ಕಾಣುತ್ತಿತ್ತು, ಸದ್ದೂ ಕೇಳುತ್ತಿತ್ತು. ಸೆಕ್ರೆಟರಿ ಬಾಗಿಲಲ್ಲಿ ನಿಂತು ಕೈ ಬೀಸಿ ಕರೆದರೆ ಆಟ ಇನ್ನಷ್ಟು ದೂರ ಹೋಯಿತು. ಕೊನೆಗೆ ಅನ್ನ ದನಗಳ ಬಾನಿಗೆ ಬಿತ್ತು. ಅವರ ಮುಖ ನೋಡಲಾಗಲಿಲ್ಲ ನನಗೆ.

“ಅಸಿದವರು ಬರಲ್ಲ ಅಂದ್ರೆ ಏನ್ ಅರ್ಥ ಮೇಡಮ್ಮೋರೆ?” ಅಂತ ನನ್ನನ್ನು ಕೇಳಿದರು. ಉತ್ತರ ಹೇಳಿದವಳು ಹೊರಗೆ ನಲ್ಲಿಯ ಹತ್ತಿರ ಪಾತ್ರೆ ಉಜ್ಜುತ್ತಿದ್ದ ಅಡುಗೆಯಮ್ಮ.

“ಮೈಕಲ್ಲಿ ನೀವು ಯಾರ್ನ ಕರುದ್ರಿ? ಬಡ ಮಕ್ಳು ಅಂದ್ರಿ. ಈಗ ಇಲ್ಲಿಗೆ ಬಂದ್ ಕೂತ್ರೆ ನಾವು ಬಡವ್ರು ಅಂತ ಊರ್‌ಗೇ ತೋರ್ಸ್‌ದಂಗೆ ಆಯ್ತದೆ. ಸ್ಕೂಲಲ್ಲಿ ಅಂಗಲ್ಲ ಕಣಣ್ಣ. ಅಲ್ಲಿ ಎಲ್ರೂ ಕೂತ್ಕತರೆ. ಮಿಸ್ಸೂ ಒಂದ್ ತುತ್ತು ಉಣ್ತರೆ. ಇಲ್ಲಿ ನಮ್ಮವು ಮಾತ್ರ ಕೂತು ಉಣ್ಬೇಕು, ನೀವು ನಿಂತ್ಕಂಡ್ ನೋಡ್ಬೇಕು.” ಆಮೇಲೆ ಪಾತ್ರೆಯ ಕಡೆಗೇ ಮುಖ ಮಾಡಿ, ದನಿ ತಗ್ಗಿಸಿ ಅಂದಳು: “ನೀವೇ ನಾನ್ ಮಾಡುದ್ದ ಉಣ್ಣಲ್ಲ. ಮಕ್ಳಿಗೇನ್ ಗೊತ್ತಾಗಲ್ವಾ?”

ಸೆಕ್ರೆಟರಿ ಬಾಟಲಿಯ ನೀರು ಕುಡಿದು, ಬಾಗಿಲು ಹಾಕಿಕೊಂಡು ಮನೆಗೆ ಹೋದರು. ನಾನು ಆಕೆಗೆ, ಅಷ್ಟು ಹೇಳಬಾರದಿತ್ತು ಅಂದೆ. ಆಕೆ ನನ್ನನ್ನು ಒಂದು ಸಲ ನೋಡಿ ಮತ್ತೆ ಉಜ್ಜಲು ಶುರುಮಾಡಿದಳು.

ಮಾರನೇ ದಿನ ಏನು ಮಾಡುತ್ತಾರೋ ನೋಡಬೇಕು ಅಂತ ನಾನು ಮತ್ತೆ ಹೋದೆ. ಮನೆಯಲ್ಲಿ ಶಾಲೆಯ ಕೆಲಸ ಅಂತ ಸುಳ್ಳು ಹೇಳಿದ್ದೆ. ಸೆಕ್ರೆಟರಿ ಆವತ್ತು ಮೈಕು ಮುಟ್ಟಲಿಲ್ಲ. ಅಡುಗೆ ಆದ ಮೇಲೆ ಡೈರಿಯ ಎರಡೂ ಬಾಗಿಲನ್ನು ಪೂರ್ತಿ ತೆರೆದರು. ಮನೆಯಿಂದ ತಮ್ಮ ತಟ್ಟೆ ತಂದಿದ್ದರು. ಹೊರಗಿನಿಂದ ಎಲ್ಲರಿಗೂ ಕಾಣುವ ಹಾಗೆ, ನಡು ಬಾಗಿಲಿಗೆ ಎದುರಾಗಿ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. “ಆಕವ್ವ” ಅಂದರು.

ಅಡುಗೆಯಮ್ಮನ ಸೌಟಿನಿಂದ ಸಾರು ತಟ್ಟೆಗಿಂತ ನೆಲಕ್ಕೇ ಹೆಚ್ಚು ಬಿತ್ತು. ಅವರು ಅನ್ನ ಕಲಸಿದರು, ತುತ್ತು ಮಾಡಿದರು, ಎತ್ತಿದರು. ಕೈ ಬಾಯಿಯ ಹತ್ತಿರ ಬಂದು ನಿಂತಿತು. ಮರದ ಕೆಳಗೆ ಆಟ ನಿಂತಿತ್ತು. ಮಕ್ಕಳೆಲ್ಲ ಇತ್ತಲೇ ನೋಡುತ್ತಿದ್ದರು. ಸೆಕ್ರೆಟರಿಯವರ ತುಟಿ ಅಲ್ಲಾಡಿದ್ದು ನನಗೆ ಕಂಡಿತು. ದೇವರನ್ನು ನೆನೆದರೋ, ತಾಯಿಯನ್ನು ನೆನೆದರೋ, ಇವತ್ತಿಗೂ ನನಗೆ ತಿಳಿಯದು. ಆಮೇಲೆ ಅದನ್ನು ಎಷ್ಟೋ ಸಲ ಕೇಳಿದೆ, ಅವರು ಹೇಳಲಿಲ್ಲ.

ಬಾಯಿಗೆ ಹಾಕಿಕೊಂಡರು. ಅಗಿದರು. ನುಂಗಿದರು. ಆಮೇಲೆ ಹಾಲಿಗೆ ನೀರು ಹಾಕಿದವನನ್ನು ಬೈಯುವ ಅದೇ ಗಂಟಲಿನಲ್ಲಿ, “ಏನವ್ವ ಇದು, ಉಪ್ಪೇ ಇಲ್ವಲ್ಲ! ನಿಮ್ಮನೇಲಿ ಉಪ್ಪು ತಿನ್ನಲ್ವಾ?” ಅಂತ ಕೂಗಿದರು.

ಅಡುಗೆಯಮ್ಮ ಸೊಂಟಕ್ಕೆ ಕೈ ಇಟ್ಟುಕೊಂಡು, “ನಾಳೀಕೆ ಬಂದು ಉಂಡ್ ನೋಡಿ, ಸರ್ಯಾಗ್ ಆಕಿರ್ತೀನಿ” ಅಂದಳು. ಅಲ್ಲಿಗೆ ಸೆಕ್ರೆಟರಿ ನಾಳೆಯೂ ಬಂದು ಉಣ್ಣುವುದು ಖಾಯಂ ಆಯಿತು. ಮರದ ಕೆಳಗಿನ ಮಕ್ಕಳು ಕಿಲಕಿಲ ನಕ್ಕರು. ಮೊದಲು ಬಂದವಳು ಆ ಲೋಟದ ಹುಡುಗಿ. ಓಡಿಹೋಗಿ ಮನೆಯಿಂದ ತಟ್ಟೆ ತಂದು, ಅವರಿಂದ ಒಂದು ಮಾರು ದೂರದಲ್ಲಿ ಕೂತಳು. “ಅಲ್ಲೇನೇ, ಸಾರು ಅಲ್ಲೀಗಂಟ ನಡ್ಕಂಡ್ ಬತ್ತದಾ? ಇತ್ತ ಬಾ” ಅಂದರು ಸೆಕ್ರೆಟರಿ. ಅವಳು ಜರುಗಿ ಜರುಗಿ ಪಕ್ಕಕ್ಕೆ ಬಂದಳು.

ಅದಾದ ಮೇಲೆ ಪಂಕ್ತಿ ದಿನದಿನಕ್ಕೂ ಉದ್ದವಾಯಿತು. ಸೆಕ್ರೆಟರಿಯೇ ಉಣ್ಣುತ್ತಾರೆ ಅಂದ ಮೇಲೆ ಮೇಲಿನ ಬೀದಿಯ ಮಕ್ಕಳಿಗೆ ಮನೆಯಲ್ಲಿ ನಿಲ್ಲಲು ಮನಸ್ಸಾಗಲಿಲ್ಲ. ಶಾಲೆಯಲ್ಲಿ ದಿನಾ ಜೊತೆಗೆ ಕೂತು ಉಂಡ ಗೆಳೆಯರು ಅಲ್ಲಿದ್ದರಲ್ಲ. ಮನೆಯಲ್ಲಿ ಅಟ್ಟ ತುಂಬ ಭತ್ತ ಇದ್ದವರ ಮಕ್ಕಳೂ ತಟ್ಟೆ ಹಿಡಿದುಕೊಂಡು ಬಂದರು. ಯಾರಿಗೆ ಹೊಟ್ಟೆಪಾಡು, ಯಾರಿಗೆ ಆಟ ಅಂತ ನೋಡಿದವರಿಗೆ ಗೊತ್ತಾಗುತ್ತಿರಲಿಲ್ಲ. ಅದಕ್ಕೇ ಎಲ್ಲರೂ ಬಂದರು ಅಂತ ನನಗೆ ನಿಧಾನವಾಗಿ ಅರ್ಥವಾಯಿತು.

ಮೇಲಿನ ಬೀದಿಯ ಒಬ್ಬ ಯಜಮಾನರು ಡೈರಿಗೆ ಬಂದು, ಹೀಗೇ ಆದರೆ ನಾವು ಖಾಸಗಿ ಡೈರಿಯ ವ್ಯಾನಿಗೆ ಹಾಲು ಹಾಕುತ್ತೇವೆ ಅಂತ ಬೆದರಿಸಿದರು. ಸೆಕ್ರೆಟರಿ ಹಾಲಿಗೆ ಬೆರೆಸಿದ ನೀರನ್ನು ತೋರಿಸಿಕೊಡುವ ಲ್ಯಾಕ್ಟೋಮೀಟರ್ ಒರೆಸುತ್ತಾ, “ಆಕ್ಕಳಿ. ಡೈರಿಗೇನೂ ಆಗಲ್ಲ. ನಿಮ್ ಬೋರ್‌ವೆಲ್ಲಿಗೆ ವಸಿ ರೆಸ್ಟ್ ಸಿಕ್ತದೆ” ಅಂದರು. ಆ ಯಜಮಾನರು ವ್ಯಾನಿಗೆ ಹೋಗಲಿಲ್ಲ.

ಹೊರಗೆ ಇಷ್ಟು ಸಲೀಸಾಗಿ ಗೆದ್ದವರಿಗೆ ಮನೆಯಲ್ಲಿ ಏನಾಗಿತ್ತು ಅಂತ ನನಗೆ ತಿಳಿದದ್ದು ಜೂನಿನಲ್ಲಿ. ಶಾಲೆ ತೆರೆಯಿತು, ಬಿಸಿಯೂಟ ಶುರುವಾಯಿತು, ಡೈರಿಯ ಪಂಕ್ತಿ ನಿಂತಿತು. ಶಾಲೆಯ ಪರವಾಗಿ ಉಪಕಾರವಾಯಿತು ಅಂತ ಒಂದು ಮಾತು ಹೇಳಿ ಬರೋಣ ಅಂತ ಬೆಳಿಗ್ಗೆ ಊಟದ ಹೊತ್ತಿಗೆ ಅವರ ಮನೆಗೆ ಹೋದೆ. ಸೆಕ್ರೆಟರಿ ಜಗಲಿಯ ಮೇಲೆ ಕೂತಿದ್ದರು. ಮುಂದೆ ತಟ್ಟೆ ಇತ್ತು. ಅವರ ತಾಯಿ ಹೊಸಿಲಿನ ಒಳಗೆ, ಬಾಗಿಲಿಗೆ ಒರಗಿಕೊಂಡು ಕೂತಿದ್ದರು. ಒಲೆಯಿಂದ ರೊಟ್ಟಿ ತಂದು, ಬಗ್ಗಿ, ಕೈ ಚಾಚಿ ಹೊಸಿಲಿನಾಚೆ ತಟ್ಟೆಗೆ ಹಾಕಿ, ಮತ್ತೆ ಒಳಗೆ ಹೋಗುತ್ತಿದ್ದರು. ಆ ವಯಸ್ಸಿನಲ್ಲಿ ಒಲೆಯಿಂದ ಬಾಗಿಲಿಗೆ, ಬಾಗಿಲಿನಿಂದ ಒಲೆಗೆ. ಇಬ್ಬರೂ ಮಳೆ, ದನ, ಬಿಳಿಗೆರೆಯ ಮಗಳು ಅಂತ ಮಾತಾಡುತ್ತಲೇ ಇದ್ದರು. ಜಗಳದ ಒಂದು ಸುಳಿವೂ ಇಲ್ಲ. ಆದರೆ ಮಗ ಹೊರಗೆ, ತಾಯಿ ಒಳಗೆ.

ನನ್ನ ಚಟ ನನ್ನನ್ನು ಸುಮ್ಮನಿರಲು ಬಿಡಲಿಲ್ಲ. ಸೆಕ್ರೆಟರಿ ಕೈ ತೊಳೆಯಲು ಹೋದಾಗ ಆ ಅಜ್ಜಿಯನ್ನು ಕೇಳಿಯೇಬಿಟ್ಟೆ.

“ಆ ಮಕ್ಳು ಉಣ್ಣದು ಬ್ಯಾಡ ಅಂತ ನಾನ್ ಅಂದಿಲ್ಲ ಕಣ್ ಮಗಳೇ” ಅಂದರು ಅಜ್ಜಿ. “ನಮ್ಮನೆ ಅಕ್ಕೀನೂ ಕೊಟ್ಟಿವ್ನಿ. ಆದ್ರೆ ನಮ್ಮತ್ತೆ ಈ ಒಲೇನ ನನ್ ಕೈಗ್ ಕೊಟ್ಟಾಗ, ಎಲ್ಲೆಲ್ಲೋ ಉಂಡ್ ಬಂದವ್ರನ್ನ ಒಲೆ ತಾವ್ಕೆ ಸೇರ್ಸಬ್ಯಾಡ ಅಂತ ಮಾತ್ ತಗಂಡವ್ರೆ. ನಾನ್ ಸಾಯೋ ಕಾಲ್ದಲ್ಲಿ ಮಾತ್ ತಪ್ಪನಾ? ಮಠದ್ ಅಯ್ನೋರು ಬತ್ತರೆ, ತೀರ್ಥ ಕೊಡ್ತರೆ. ತಗಂಡು, ತಪ್ಪಾಯ್ತು ಅಂತ ಒಂದ್ ಮಾತ್ ಅಂದು ಒಳೀಕ್ ಬಾ ಅಂದಿವ್ನಿ. ಇವ್ನು ಅನ್ನಲ್ಲ.”

ಹೇಳುತ್ತಾ ಅವರ ಕಣ್ಣು ತುಂಬಿತು. ಒಲೆಯ ಪಕ್ಕದಲ್ಲಿ ಖಾಲಿ ಮಣೆ ಇನ್ನೂ ಹಾಕಿಯೇ ಇದ್ದದ್ದು ನನಗೆ ಬಾಗಿಲಿನಿಂದ ಕಾಣುತ್ತಿತ್ತು. ನನಗೆ ಆ ಮುದುಕಿಯ ಮೇಲೆ ಸಿಟ್ಟು ಬರಬೇಕಿತ್ತು. ಸಿಟ್ಟು ಬಂತು ಕೂಡ, ಇಲ್ಲ ಅನ್ನುವುದಿಲ್ಲ. ಸಿಟ್ಟಿನ ಜೊತೆಗೇ ಸಂಕಟವೂ ಆಯಿತು. ಮಗ ತಣ್ಣಗಿನ ರೊಟ್ಟಿ ತಿನ್ನಬಾರದು ಅಂತ ಅಷ್ಟು ದೂರ ಓಡಾಡುವವರು, ಮಗನನ್ನು ಒಳಗೆ ಕರೆಯಲಾರರು.

ಅವತ್ತು ಸಂಜೆ ಹಾಲಿನ ಹೊತ್ತು ಮುಗಿದ ಮೇಲೆ ಡೈರಿಯಲ್ಲಿ ಸೆಕ್ರೆಟರಿಯವರನ್ನು ಹಿಡಿದೆ. ಒಂದು ಮಾತಿನಲ್ಲಿ ಮುಗಿಯುವುದನ್ನು ಯಾಕೆ ಎಳೆಯುತ್ತೀರಿ ಅಂದೆ. ಮಕ್ಕಳಿಗೆ ಊಟ ಹಾಕಿಯಾಯಿತು, ಶಾಲೆಯೂ ತೆರೆಯಿತು, ಇನ್ನು ತಾಯಿಯ ಮನಸ್ಸಿಗಾಗಿ ಬಾಯಿ ಮಾತಿಗೆ ಒಂದು ತಪ್ಪಾಯಿತು ಅಂದರೆ ಏನು ಗಂಟು ಹೋಗುತ್ತದೆ?

ಅವರು ಕ್ಯಾನು ತೊಳೆಯುತ್ತಲೇ ಇದ್ದರು. ನನ್ನನ್ನು ಗದರಿ ಕಳಿಸುತ್ತಾರೆ ಅಂದುಕೊಂಡೆ.

“ತೀರ್ಥ ತಗಳಕೆ ನಂಗೇನ್ ತಕರಾರಿಲ್ಲ ಮೇಡಮ್ಮೋರೆ” ಅಂದರು. “ಆದ್ರೆ ಈ ಊರಲ್ಲಿ ಗುಟ್ಟು ಅನ್ನೋದು ಒಂದ್ ದಿನ ನಿಲ್ತದಾ? ನಾಳೀಕೆ ಆ ಲೋಟದ್ ಮಗು ಬಂದು, ತಾತ, ನಮ್ ಜೊತೇಲಿ ಉಂಡಿದ್ಕೆ ನೀನು ತಪ್ಪಾಯ್ತು ಅಂದ್ಯಂತೆ, ನಾವೇನ್ ತಪ್ಪ್ ಮಾಡಿದ್ವು ಅಂತ ಕೇಳುದ್ರೆ ನಾನೇನ್ ಏಳ್ಲಿ? ಮುಂದಿನ್ ಬೇಸ್ಗೇಲಿ ಅದು ತಟ್ಟೆ ತಗಂಡ್ ಬತ್ತದಾ?”

ತೊಳೆದ ಕ್ಯಾನನ್ನು ಬೋರಲು ಹಾಕಿ ಅವರೇ, ತಮಗೆ ತಾವೇ ಹೇಳಿಕೊಳ್ಳುವ ಹಾಗೆ, “ರೊಟ್ಟಿ ಜಗ್ಲಿಗೆ ಬರೋ ಒತ್ಗೆ ಆರೋಗ್ತದೆ” ಅಂದರು. ಬಾಳೆಹಣ್ಣಿನ ಸಿಪ್ಪೆಯ ಮಾತಾಡಿದ್ದವರು ಇವರೇನಾ ಅಂತ ನಾನು ಅವರ ಮುಖವನ್ನೇ ನೋಡಿದೆ. ಮದುವೆಮನೆಗಳಲ್ಲಿ ಅವರು ಆಮೇಲೂ ಉಣ್ಣಲಿಲ್ಲ, ಲಾಡು ಮುಟ್ಟಲಿಲ್ಲ, ನೀರಿನ ಬಾಟಲಿಯೂ ಬಿಡಲಿಲ್ಲ. ಆಚಾರ ಬಿಟ್ಟವರೇ ಅಲ್ಲ ಅವರು. ಆ ಮಕ್ಕಳ ಪಂಕ್ತಿಯಲ್ಲಿ ಉಣ್ಣುವುದೊಂದು ಮಾತ್ರ ಅವರಿಗೆ ಹೊರಗೆ ಉಂಡ ಹಾಗೆ ಅನ್ನಿಸುತ್ತಿರಲಿಲ್ಲ. ಇದು ಹೇಗೆ ಒಂದೇ ತಲೆಯಲ್ಲಿ ಕೂಡಿ ಬಾಳುತ್ತಿತ್ತು ಅನ್ನುವುದು ನನಗೆ ಪೂರ್ತಿ ಬಗೆಹರಿದಿಲ್ಲ.

ಮುಂದಿನ ಬೇಸಿಗೆಯಲ್ಲೂ ಡೈರಿಯ ಬಾಗಿಲು ಮಧ್ಯಾಹ್ನ ತೆರೆಯಿತು, ಅದರ ಮುಂದಿನ ಬೇಸಿಗೆಯಲ್ಲೂ ತೆರೆಯಿತು. ದಸರಾ ರಜೆಗೂ ಶುರುಮಾಡಿದರು. ಅಡುಗೆಯಮ್ಮನಿಗೆ ಉಪ್ಪಿನ ವಿಷಯದಲ್ಲಿ ಬೈಗುಳ ತಪ್ಪಲಿಲ್ಲ, ಆಕೆ ತಿರುಗಿಸಿ ಕೊಡುವುದೂ ತಪ್ಪಲಿಲ್ಲ. ಶಾಲೆ ಇರುವ ತಿಂಗಳುಗಳಲ್ಲಿ ಊರಿನವರು ಇದನ್ನೆಲ್ಲ ಮರೆತೇಬಿಡುತ್ತಿದ್ದರು. ಮರೆ ಮಾಡಲಾಗದ ಹಾಗೆ ಉಳಿದದ್ದು ಒಂದೇ: ಮಳೆಯಲ್ಲೂ ಚಳಿಯಲ್ಲೂ ಸೆಕ್ರೆಟರಿಯವರ ಊಟ ಜಗಲಿಯ ಮೇಲೆ. ತಾಯಿ ಬಾ ಅನ್ನಲಿಲ್ಲ, ಮಗ ತಪ್ಪಾಯಿತು ಅನ್ನಲಿಲ್ಲ.

ಆಮೇಲೆ ನನಗೆ ನರಸೀಪುರದ ಹತ್ತಿರದ ಶಾಲೆಗೆ ವರ್ಗವಾಯಿತು. ಬಿಸಿಯೂಟವನ್ನು ಟೀಚರು ಮೊದಲು ರುಚಿ ನೋಡಬೇಕು ಅನ್ನುವುದು ನಿಯಮ. ನಾನೂ ವರ್ಷಾನುಗಟ್ಟಲೆ ಒಂದು ಚಮಚ ಬಾಯಿಗೆ ಹಾಕಿಕೊಂಡು, ನನ್ನ ಡಬ್ಬಿ ತೆರೆಯುತ್ತಿದ್ದವಳು. ಹೊಸ ಶಾಲೆಗೆ ಡಬ್ಬಿ ಒಯ್ಯುವುದನ್ನೇ ಬಿಟ್ಟೆ. ಮಕ್ಕಳ ಪಂಕ್ತಿಯಲ್ಲಿ ಕೂತು ಉಣ್ಣುತ್ತೇನೆ, ಉಪ್ಪು ಕಡಿಮೆಯಾದರೆ ಜೋರಾಗಿ ಹೇಳುತ್ತೇನೆ. ಸೆಕ್ರೆಟರಿಯವರ ಋಣ ಅಂತ ನನ್ನ ಮೇಲೆ ಇರುವುದು ಇದು.

ಹೋದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ, ಲಾರಿಗೆ ಹಾಲು ಏರಿಸಿ ಬಂದು, ಎದೆ ಹಿಡಿದುಕೊಂಡು ಡೈರಿಯ ಮೆಟ್ಟಿಲ ಮೇಲೆ ಕೂತವರು ಮತ್ತೆ ಏಳಲಿಲ್ಲವಂತೆ. ಅಡುಗೆಯಮ್ಮ ಫೋನು ಮಾಡಿ ಅಳುತ್ತಾ ಹೇಳಿದಳು. ನನಗೆ ಹೋಗಲು ಆದದ್ದು ಮೂರನೇ ದಿನ, ಮಣ್ಣು ಮಾಡಿದ ಜಾಗಕ್ಕೆ ಹಾಲು ತುಪ್ಪ ಬಿಟ್ಟು ಎಲ್ಲರೂ ಮನೆಗೆ ವಾಪಸು ಬಂದ ಹೊತ್ತಿಗೆ.

ಒಳಗೆ ನೆಂಟರಿಗೆ ಎಲೆ ಹಾಕುತ್ತಿದ್ದರು. ಬೀದಿಯಲ್ಲಿ ಡೈರಿಯ ಮಕ್ಕಳು ನಿಂತಿದ್ದರು. ಕೆಲವರು ಹೈಸ್ಕೂಲಿಗೆ ಹೋಗುವಷ್ಟು ಬೆಳೆದಿದ್ದರು. ಆ ಲೋಟದ ಹುಡುಗಿ ಉದ್ದಲಂಗದಲ್ಲಿ ಅಡುಗೆಯಮ್ಮನ ಪಕ್ಕದಲ್ಲಿ ನಿಂತಿದ್ದಳು. ಒಳಗೆ ಬರಬೇಕೋ ಹೋಗಬೇಕೋ ಗೊತ್ತಾಗದೆ ಎಲ್ಲರೂ ಹಾಗೇ ಇದ್ದರು.

ಅಜ್ಜಿ ಮೂರು ದಿನದಿಂದ ಅನ್ನ ಮುಟ್ಟಿಲ್ಲ ಅಂತ ಬಿಳಿಗೆರೆಯ ಮೊಮ್ಮಗಳು ನನ್ನ ಹತ್ತಿರ ಹೇಳುತ್ತಿದ್ದಾಗಲೇ, ಒಳಗಿನಿಂದ ಅಜ್ಜಿ ಬಂದರು. ಗೋಡೆ ಹಿಡಿದುಕೊಂಡು ಬಂದು, ಹೊಸಿಲ ಮೇಲೆ ಕೈ ಊರಿ, ಒಂದೊಂದೇ ಕಾಲು ಎತ್ತಿ ದಾಟಿ, ಜಗಲಿಯ ಮೇಲೆ ಮಗ ಕೂರುತ್ತಿದ್ದ ಕಡೆ ಹೋಗಿ ಕೂತರು. ಯಾರೋ, ಎಲೆ ಹಾಕಿದೆ, ಒಳಗೆ ಬಾರವ್ವ ಅಂದರು.

“ಇಲ್ಲೀಗೇ ತನ್ನಿ” ಅಂದರು ಅಜ್ಜಿ.

ಮೊಮ್ಮಗಳು ತಟ್ಟೆಯಲ್ಲಿ ಅನ್ನ ಹಾಕಿಕೊಂಡು ಬಂದು ಮುಂದಿಟ್ಟಳು. ಅಜ್ಜಿ ಅನ್ನದ ಮೇಲೆ ಕೈ ಇಟ್ಟರು, ಕಲಸಲಿಲ್ಲ. ಬೀದಿಯ ಕಡೆ ಕಣ್ಣು ಕಿರಿದು ಮಾಡಿ ನೋಡಿದರು. “ಡೈರೀಲಿ ಅಟ್ಟಾಕ್ತಿದ್ದವ್ಳು ಯಾರವ್ವ?”

ಅಡುಗೆಯಮ್ಮ ಎರಡು ಹೆಜ್ಜೆ ಮುಂದೆ ಬಂದಳು. “ನಾನೇ ಕಣವ್ವ.”

ಇಷ್ಟು ವರ್ಷದಲ್ಲಿ ಅವರಿಬ್ಬರೂ ಒಂದು ಮಾತು ಆಡಿದವರಲ್ಲ.

“ನನ್ ಮಗ ನಿನ್ ತಾವು ಒಟ್ಟೆ ತುಂಬ ಉಣ್ತಿದ್ನಾ?” ಅಂತ ಅಜ್ಜಿ ಕೇಳಿದರು.

“ಉಣ್ತಿದ್ರು ಕಣವ್ವ” ಅಂದಳು ಅಡುಗೆಯಮ್ಮ. ಅಳು ಬಂದು ಮುಂದಿನ ಮಾತು ಒಡೆಯಿತು. “ಬೈಕಂಡ್ ಬೈಕಂಡೇ ಎಲ್ಡೆಲ್ಡು ಸಲ ಆಕುಸ್ಕತಿದ್ರು.”

“ಅಂಗಾರೆ ಸರಿ” ಅಂದರು ಅಜ್ಜಿ. ಆಮೇಲೆ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು, ಎಲ್ಲರೂ ನೋಡುತ್ತಿದ್ದ ಹಾಗೆಯೇ, ಆರಿದ ಅನ್ನವನ್ನು ಕಲಸಿ ಉಣ್ಣತೊಡಗಿದರು.